ಮೇ ಮೂರರ ಕಾಂಕ್ರೀಟ್

ಕಾಂಕ್ರೀಟ್ ಪಂಪಿನ ಕೊಳವೆ ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿತ್ತು.

ನಾನು ಪಾಯದ ಹಳ್ಳದಲ್ಲಿ ಅಂಗಾತ ಬಿದ್ದಿದ್ದೆ. ಬೆನ್ನಿನ ಕೆಳಗೆ ಕಬ್ಬಿಣದ ಸರಳು. ಎದೆಯ ಮೇಲೆ ಒಂದು ಬೂಟು. ಆ ಬೂಟಿನೊಳಗೆ ಒಬ್ಬ ದಢೂತಿ.

"ಮಿಸುಕ್ಬೇಡ," ಅಂದ ದಢೂತಿ. "ಮಿಸುಕಿದ್ರೆ ನೇರ ಬಾಯಿಗೇ ಬೀಳತ್ತೆ."

"ಬೀಳ್ಲಿ. ಪಾಯ ಗಟ್ಟಿಯಾಗತ್ತೆ."

ಕೊಳವೆ ಹಿಡಿದಿದ್ದವನು ಕಡ್ಡಿಯಂತಿದ್ದ. ಅವನು ಹಲ್ಲು ಬಿಟ್ಟ. "ಉಬಾಲ್ದೋ, ಇವನಿಗೆ ಸಾಯೋವಾಗ್ಲೂ ತಮಾಷೆ ನೋಡು."

ಮಟಮಟ ಮಧ್ಯಾಹ್ನ. ಕೂಗಿಕೊಳ್ಳಬಹುದಿತ್ತು... ಆದರೆ ಏನು ಪ್ರಯೋಜನ? ಬಾಯ್ಲ್ ಹೈಟ್ಸ್‌ನ ಆ ಬೀದಿಯಲ್ಲಿ ಆಗ ಮನೆಗೊಂದರಂತೆ ಹಿತ್ತಲಲ್ಲಿ ಎರಡನೇ ಮನೆ ಏಳುತ್ತಿತ್ತು. ಬಾಡಿಗೆಗೆ ಕೊಡಲು. ಎಲ್ಲ ಕಡೆ ಗರಗಸ, ಸುತ್ತಿಗೆ, ಪಂಪು. ಒಬ್ಬ ಮನುಷ್ಯ ಅರಚಿದರೆ ಯಾರದೋ ಮೇಸ್ತ್ರಿ ಯಾರದೋ ಆಳನ್ನು ಬೈಯುತ್ತಿದ್ದಾನೆ ಅಂದುಕೊಳ್ಳುತ್ತಾರೆ.

ಅಲ್ಲಿಗೆ ಹೇಗೆ ಹೋಗಿ ಬಿದ್ದೆ ಅಂತ ಹೇಳಬೇಕು. ನಿಮಗೆ ಆತುರವಿಲ್ಲ ತಾನೆ? ನನಗಂತೂ ಇಲ್ಲ. ನನಗಾಗಿ ಎಲ್ಲೂ ಯಾರೂ ದೀಪ ಹಚ್ಚಿಟ್ಟು ಕಾಯುತ್ತಿಲ್ಲ.

ನನ್ನ ಹೆಸರು ಕಾಸಿಮೀರೋ ಬಾರ್ರಾಸಾ. ಓಡಿಹೋದ ಕಂಟ್ರಾಕ್ಟರುಗಳನ್ನು ಹುಡುಕಿಕೊಡುವುದು ನನ್ನ ಕಸುಬು. ಈ ಊರಿನಲ್ಲಿ ಅದಕ್ಕೆ ಬರವಿಲ್ಲ. ವಾಸ ವಿಟ್ಟಿಯರ್ ರಸ್ತೆಯ ಒಂದು ಮೋಟೆಲಿನಲ್ಲಿ. ಆರು ವರ್ಷವಾಯಿತು. ಅಲ್ಲಿನ ಗುಮಾಸ್ತ ಇವತ್ತಿಗೂ ಎಷ್ಟು ದಿನ ಇರುತ್ತೀರಿ ಅಂತ ಕೇಳುತ್ತಾನೆ.

ದೋನ್ಯಾ ಹೆರ್ಮೀನಿಯಾ ಫೋನ್ ಮಾಡಿದ್ದು ಮೇ ತಿಂಗಳ ಎರಡನೇ ವಾರ. ಹೋದೆ. ಎಪ್ಪತ್ತು ದಾಟಿದ ಹೆಂಗಸು, ಅದಕ್ಕೇ ದೋನ್ಯಾ, ಅಂದರೆ ಅಮ್ಮಾವರು. ಆಪರೇಷನ್ ಆದ ಎಡಗಣ್ಣಿನ ಮೇಲೆ ಬಿಳಿ ಪಟ್ಟಿ. ಅಡುಗೆಮನೆಯಲ್ಲಿ ಕೂರಿಸಿದಳು, ಕಾಫಿ ಇಟ್ಟಳು. ನಾನಿನ್ನೂ ಬಾಯಿ ತೆರೆದಿರಲಿಲ್ಲ.

"ಕೋಟು ಬಿಚ್ಚು."

"ಯಾಕೆ?"

"ಬಟನ್ ಜೋತಾಡ್ತಾ ಇದೆ. ದಾರ ನೀನು ಪೋಣಿಸು, ನನಗೆ ಕಾಣಲ್ಲ. ಹೊಲಿಯೋದು ಕೈಗೇ ಗೊತ್ತು."

ನನ್ನ ಕೋಟನ್ನು ಕೊನೆಯ ಸಲ ಯಾರು ಹೊಲಿದಿದ್ದರು ಅಂತ ಯೋಚಿಸಿದೆ. ನೆನಪಾಗಲಿಲ್ಲ. ದಾರ ಪೋಣಿಸಿದೆ.

ಹೊಲಿಯುತ್ತಲೇ ಹೇಳಿದಳು. ಗಂಡ ಹೋದ ಮೇಲೆ ಬರುವ ಪಿಂಚಣಿಯಲ್ಲಿ ಮನೆಯ ತೆರಿಗೆ ಕಟ್ಟಿದರೆ ಹೊಟ್ಟೆಗಿಲ್ಲ, ಹೊಟ್ಟೆಗೆ ಹಾಕಿದರೆ ತೆರಿಗೆಗಿಲ್ಲ. ಹಿತ್ತಲಲ್ಲಿ ಎರಡು ಕೋಣೆಯ ಪುಟ್ಟ ಮನೆ ಎದ್ದರೆ ಅದರ ಬಾಡಿಗೆ ಮುಂದಿನ ಮನೆಯನ್ನು ಉಳಿಸುತ್ತದೆ. ಏಳದಿದ್ದರೆ ಎರಡೂ ಹೋಗುತ್ತವೆ. ಅದಕ್ಕೇ ಇದ್ದಬದ್ದದ್ದನ್ನೆಲ್ಲ ಆ ಪಾಯಕ್ಕೆ ಸುರಿದಿದ್ದಳು.

"ಮೇಸ್ತ್ರಿ ಯಾರು?"

"ದೋನ್ ಚೇಮಾ. ಬಂಗಾರದಂಥ ಮನುಷ್ಯ. ಈಗ ಕಾಣ್ತಾ ಇಲ್ಲ."

"ಬಂಗಾರ ಯಾವಾಗ್ಲೂ ಕಾಣೆಯಾಗತ್ತೆ ಬಿಡಿ."

ಅವಳು ನಗಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದೊಯ್ದಳು. ಪಾಯದ ಹಳ್ಳ ಅಗೆದಿತ್ತು, ಸರಳು ಕಟ್ಟಿತ್ತು. ಒಂದು ಬದಿಗೆ ಮಾತ್ರ ಕಾಂಕ್ರೀಟ್ ಬಿದ್ದಿತ್ತು. ಅದರ ಪಕ್ಕದ ಗೂಟಕ್ಕೆ ನಗರದ ಇನ್‌ಸ್ಪೆಕ್ಟರನ ಕೆಂಪು ಚೀಟಿ. ಸರಳನ್ನು ಇನ್‌ಸ್ಪೆಕ್ಟರ್ ನೋಡಿ ಒಪ್ಪುವ ಮುಂಚೆ ಕಾಂಕ್ರೀಟ್ ಹಾಕುವಂತಿಲ್ಲ. ಹಾಕಿದರೆ ಅಷ್ಟನ್ನೂ ಒಡೆದು ತೆಗೆಯಬೇಕು. ಎಳೆಯ ಆಳಿಗೂ ಗೊತ್ತಿರುವ ಸಂಗತಿ.

"ಇದು ಯಾವಾಗ ಆಯ್ತು?"

"ನಾನು ಕಣ್ಣಿನ ಆಪರೇಷನ್‌ಗೆ ಹೋಗಿದ್ದಾಗ. ನನ್ನ ತಮ್ಮನ ಮಗ ಎಡ್ಗಾರ್ದೋ ತನ್ನ ಮನೇಲೇ ಇಟ್ಕೊಂಡು ನೋಡ್ಕೊಂಡ. ನನಗೆ ಅಂತ ಇರೋದು ಅವನೊಬ್ಬನೇ." ಕಣ್ಣಿನ ಪಟ್ಟಿ ಸರಿಮಾಡಿಕೊಂಡಳು. "ಏನು ನಡೀತು ಅಂತ ಅವನು ಕಣ್ಣಾರೆ ನೋಡಿದಾನಂತೆ. ಅವನನ್ನೇ ಕೇಳು. ಕೇಳಿ, ನನಗೆ ಬಂದು ಹೇಳು."

ಹೊರಡುವಾಗ ಗೇಟಿನ ತನಕ ಬಂದಳು. "ಸರಿಯಾಗಿ ಕೇಳ್ಕೊಂಡು ಬಾ," ಅಂದಳು ಮತ್ತೆ.

ಎಡ್ಗಾರ್ದೋ ಡೌನಿಯಲ್ಲಿ ಮನೆ ಮಾರಾಟದ ಆಫೀಸು ಇಟ್ಟಿದ್ದ. ಹೊಳೆಯುವ ಬೂಟು, ಹೊಳೆಯುವ ಹಲ್ಲು. ಗೋಡೆಯ ತುಂಬ ಮಾರಿದ ಮನೆಗಳ ಫೋಟೋ.

"ಪಾಪ ನಮ್ಮತ್ತೆ. ಈ ವಯಸ್ಸಲ್ಲಿ ಮನೆ ಕಟ್ಟೋ ಹುಚ್ಚು. ಮಾರ್ಬಿಡಿ ಅಂತ ಎಷ್ಟು ಸಲ ಹೇಳಿದೀನಿ."

"ಕೊಳ್ಳೋರು ಇದಾರಾ?"

"ಇವತ್ತು ಹೂಂ ಅಂದ್ರೆ ಇವತ್ತೇ ಇದಾರೆ."

"ಮೇಸ್ತ್ರಿ ಬಗ್ಗೆ ಹೇಳಿ."

"ಅವನಾ? ಅತ್ತೆಯ ಬಟ್ಟೆ ತರೋಕೆ ಅಂತ ಮನೆಗೆ ಹೋಗಿದ್ದೆ. ಆಪರೇಷನ್ ದಿನವೇ. ಕೈಯಲ್ಲಿ ಕರಣೆ ಹಿಡ್ಕೊಂಡು ಕಾಂಕ್ರೀಟ್ ಹಾಕ್ತಾ ನಿಂತಿದ್ದ. ಇನ್‌ಸ್ಪೆಕ್ಟರ್ ನೋಡಿದ್ರಾ ಅಂದೆ. ಮುಖ ತಿರುಗಿಸ್ದ. ಆಮೇಲೆ ನಾಪತ್ತೆ."

"ಆಪರೇಷನ್ ಯಾವತ್ತು?"

"ಮೇ ಮೂರು. ಚೆನ್ನಾಗಿ ನೆನಪಿದೆ."

ನಾನು ತಲೆಯಾಡಿಸಿದೆ. ಕೈಕುಲುಕಿದೆ. ಹೊರಗೆ ಬಂದು ಕಾರಿನಲ್ಲಿ ಕೂತೆ. ಕೀಲಿ ತಿರುಗಿಸಲು ಕೈ ಬರಲಿಲ್ಲ.

ನನ್ನಪ್ಪ ಗಾರೆ ಕೆಲಸದವನಾಗಿದ್ದ. ಮೇ ಮೂರು ಪವಿತ್ರ ಶಿಲುಬೆಯ ದಿನ. ಗಡಿಯಾಚೆಯಿಂದ ಬಂದ ನಮ್ಮವರಲ್ಲಿ ಅದು ಗಾರೆಯವರ ಹಬ್ಬ. ಆವತ್ತು ಅಪ್ಪ ಕರಣೆ ಮುಟ್ಟುತ್ತಿರಲಿಲ್ಲ. ಕಾಗದದ ಹೂ ಸುತ್ತಿದ ಶಿಲುಬೆಯನ್ನು ಚರ್ಚಿಗೆ ಒಯ್ದು ಪಾದ್ರಿಯಿಂದ ಮಂತ್ರಿಸಿಕೊಂಡು ತರುತ್ತಿದ್ದ. ಕಟ್ಟುತ್ತಿರುವ ಮನೆಯ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ನಿಲ್ಲಿಸುತ್ತಿದ್ದ. ಮನೆಯ ಯಜಮಾನ ಎಲ್ಲರಿಗೂ ಊಟ ಹಾಕಬೇಕು. ಆವತ್ತು ಕೆಲಸ ಮಾಡಿದರೆ ಗೋಡೆ ಬೀಳುತ್ತದೆ ಅಂತ ಅಪ್ಪ ನಂಬಿದ್ದ. ಬಾಗಿಲಿಲ್ಲದೆ ಮನೆ ಕಟ್ಟು ಅಂದರೆ ಬೇಕಾದರೆ ಕಟ್ಟಿಯಾನು, ಮೇ ಮೂರರಂದು ಗಾರೆ ಕಲಸು ಅಂದರೆ ಇಲ್ಲ.

ಎಡ್ಗಾರ್ದೋವಿನ ಅಜ್ಜನೂ ಗಾರೆಯವನೇ ಅಂತ ಆಮೇಲೆ ತಿಳಿಯಿತು. ಮೊಮ್ಮಗ ಮರೆತಿದ್ದ. ಹೊಳೆಯುವ ಬೂಟಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ದೋನ್ ಚೇಮಾ ಸಿಕ್ಕಿದ್ದು ಎಲ್ ಸೆರೆನೋದಲ್ಲಿ, ಒಂದು ಟೈರ್ ಅಂಗಡಿಯ ಹಿಂದಿನ ಮುರುಕು ಟ್ರೇಲರಿನಲ್ಲಿ. ಗಾರೆಯವರನ್ನು ಹುಡುಕಬೇಕಾದರೆ ಗಾರೆಯವರನ್ನೇ ಕೇಳಬೇಕು. ಅಪ್ಪನ ಹೆಸರು ಹೇಳಿದೆ, ದಾರಿ ತೋರಿಸಿದರು. ಬಾಗಿಲು ಬೆರಳಗಲ ತೆರೆಯಿತು.

"ಯಾರು ಕಳಿಸಿದ್ದು?"

"ದೋನ್ಯಾ ಹೆರ್ಮೀನಿಯಾ."

ಬಾಗಿಲು ಪೂರ್ತಿ ತೆರೆಯಿತು. ಒಳಗೆ ಒಂದು ಮಂಚ, ಒಂದು ಒಲೆ. ಮಂಚದ ತಲೆಗೆ ಒರಗಿಸಿಟ್ಟ ಮರದ ಶಿಲುಬೆ. ಕಾಗದದ ಹೂಗಳು ಮಾಸಿರಲಿಲ್ಲ.

"ಅಮ್ಮನ ಕಣ್ಣು ಹೇಗಿದೆ?" ಮೊದಲು ಕೇಳಿದ್ದು ಅದನ್ನು.

"ವಾಸಿಯಾಗ್ತಿದೆ. ಏನಾಯ್ತು ಹೇಳಿ."

"ನಾವು ಶಿಲುಬೆ ತಗೊಂಡು ಚರ್ಚಿಗೆ ಹೋಗಿದ್ವಿ. ಬರೋ ಹೊತ್ತಿಗೆ ಒಂದು ಕಡೆ ಕಾಂಕ್ರೀಟ್ ಹಾಕಿಬಿಟ್ಟಿದ್ರು. ಅಮ್ಮನ ತಮ್ಮನ ಮಗ ಫೋನ್ ಹಿಡ್ಕೊಂಡು ನಿಂತಿದ್ದ. ನಿನಗೆ ಕಾಗದಪತ್ರ ಇಲ್ಲ ಅಂತ ಗೊತ್ತು, ಒಂದು ಫೋನ್ ಮಾಡಿದ್ರೆ ಗಡಿಯಾಚೆ ಇರ್ತೀಯ ಅಂದ. ನನ್ನ ಮಗಳು ಇಲ್ಲೇ ಓದ್ತಾ ಇದಾಳಪ್ಪ..."

"ಶಿಲುಬೆ ಯಾಕೆ ಹೊತ್ಕೊಂಡು ಬಂದ್ರಿ?"

ಅವನು ನನ್ನನ್ನು ಪೆದ್ದನ ಹಾಗೆ ನೋಡಿದ. "ಮನೆ ಮುಗಿದಿಲ್ವಲ್ಲ. ಮುಗಿದ ಮೇಲೆ ಅಮ್ಮನ ಕೈಗೆ ಕೊಡ್ಬೇಕು. ಅಲ್ಲೀವರೆಗೂ ಅದು ನನ್ನ ಜವಾಬ್ದಾರಿ."

ಹೊರಗೆ ಬಂದಾಗ ಬೀದಿಯ ತುದಿಯಲ್ಲಿ ಬೂದುಬಣ್ಣದ ಪಿಕಪ್ ನಿಂತಿತ್ತು. ಡೌನಿಯಲ್ಲೂ ಅದನ್ನು ಕಂಡಿದ್ದೆ.

ಚೇಮಾಗೆ ಫೋನ್ ಮಾಡಿದೆ. "ಜಾಗ ಬದಲಾಯಿಸಿ. ಈಗಲೇ." ಆಮೇಲೆ ಕಾರನ್ನು ಬೇಕೆಂದೇ ಪಿಕಪ್ಪಿನವರ ಮೂಗಿನ ಕೆಳಗೆ ಹಾಯಿಸಿದೆ. ನನ್ನ ಹಿಂದೆ ಬಂದರೆ ಅವನ ಹಿಂದೆ ಹೋಗುವುದಿಲ್ಲ.

ಬಂದರು.

ಹಂಟಿಂಗ್ಟನ್ ರಸ್ತೆ. ಕೆಂಪು ದೀಪ... ನಿಲ್ಲಲಿಲ್ಲ. ಸೋತೋ ಬೀದಿ. ಬಸ್ಸಿನ ಎಡಕ್ಕೆ ನುಗ್ಗಿದೆ, ಲಾರಿಯ ಬಲಕ್ಕೆ ಹೊರಬಂದೆ. ಪಿಕಪ್ಪಿನ ಮೂತಿ ನನ್ನ ಕಾರಿನ ಬೆನ್ನಿಗೆ ಗುದ್ದಿತು. ಮತ್ತೊಮ್ಮೆ ಗುದ್ದಿತು. ಹಿಂದಿನ ಗಾಜು ಪುಡಿಯಾಗಿ ನನ್ನ ಕುತ್ತಿಗೆಯೊಳಗೆ ಇಳಿಯಿತು.

ಒಂದು ಕಿರುಬೀದಿಗೆ ತಿರುಗಿಸಿದೆ. ಮೂಲೆಯಲ್ಲಿ ಬಣ್ಣದ ಕೊಡೆಯ ಕೆಳಗೆ ಹಣ್ಣು ಹೆಚ್ಚಿ ಮಾರುವವನೊಬ್ಬ ನಿಂತಿದ್ದ. ನನ್ನ ಮುಖ ನೋಡಿದ. ಹಿಂದೆ ಬರುವುದನ್ನು ನೋಡಿದ. ಏನೂ ಅವಸರವಿಲ್ಲದೆ ತನ್ನ ಗಾಡಿಯನ್ನು ಬೀದಿಗೆ ಅಡ್ಡ ತಳ್ಳಿದ. ಪಿಕಪ್ ಕಿರುಚಿ ನಿಂತಿತು. ಕನ್ನಡಿಯಲ್ಲಿ ಕಂಡಿದ್ದು ಇಷ್ಟು: ಅವನು ಚಾಲಕನಿಗೆ ಒಂದು ಕಪ್ ಕಲ್ಲಂಗಡಿ ಚಾಚುತ್ತಿದ್ದ.

ಅವನು ಯಾರೋ ಗೊತ್ತಿಲ್ಲ. ಆಮೇಲೆ ಎರಡು ಸಲ ಹುಡುಕಿಕೊಂಡು ಹೋದೆ. ಆ ಮೂಲೆಯಲ್ಲಿ ಬೇರೆ ಯಾರೋ ಇದ್ದರು.

ಮರುದಿನ ಮಧ್ಯಾಹ್ನ ದೋನ್ಯಾ ಹೆರ್ಮೀನಿಯಾಳ ಅಡುಗೆಮನೆಗೆ ಹೋದೆ. ದೊಡ್ಡ ಪಾತ್ರೆಯಲ್ಲಿ ಕೆಂಪು ಮೆಣಸಿನ ಗೊಜ್ಜಿನೊಳಗೆ ಕೋಳಿ ಕುದಿಯುತ್ತಿತ್ತು.

"ಎಡ್ಗಾರ್ದೋ ಹೊಸ ಕೆಲಸದವರನ್ನ ಕರ್ಕೊಂಡು ಬಂದಿದಾನೆ. ಅವರಿಗೆ ಅಡುಗೆ," ಅಂದಳು. ತಿರುಗಿ ನೋಡಲಿಲ್ಲ. "ಹೇಳು."

"ಅವನು ಸುಳ್ಳು ಹೇಳ್ತಿದಾನೆ, ದೋನ್ಯಾ. ಕಾಂಕ್ರೀಟ್ ಹಾಕ್ಸಿದ್ದು ಅವನೇ."

ಸೌಟು ಒಂದು ಕ್ಷಣ ನಿಂತಿತು. ಮತ್ತೆ ತಿರುಗತೊಡಗಿತು.

"ಊಟ ಆಗ್ಲಿ," ಅಂದಳು, ಅಷ್ಟೇ.

ಆಗಲೇ ಹಿತ್ತಲಲ್ಲಿ ಪಂಪು ಗುಡುಗಿತು. ಹೊಸ ಕೆಲಸದವರಂತೆ! ಉಳಿದ ಮೂರು ಬದಿಗೂ ಸುರಿದುಬಿಟ್ಟರೆ ಇಡೀ ಪಾಯ ಒಡೆಯಬೇಕು. ಅಷ್ಟಕ್ಕೆ ಮುದುಕಿಯಲ್ಲಿ ತ್ರಾಣವಿಲ್ಲ. ಮಾರಿಯೇ ತೀರಬೇಕು. ಓಡಿದೆ. ಹಿತ್ತಲ ಗೇಟಿನಾಚೆ ಅದೇ ಬೂದು ಪಿಕಪ್; ಈಚೆ ಎಡ್ಗಾರ್ದೋ ಸಿಗರೇಟು ಸೇದುತ್ತಿದ್ದ. ಏನಾದರೂ ಅನ್ನುವ ಮುಂಚೆ ಹಿಂದಿನಿಂದ ಒಂದು ಹೊಡೆತ...

ಆಮೇಲೆ ಹಳ್ಳ. ಬೂಟು. ಕೊಳವೆ.

"ಸುರೀರಿ," ಅಂದ ಎಡ್ಗಾರ್ದೋ. "ಕಾಲಿನ ಮೇಲೆ ಮಾತ್ರ. ಬುದ್ಧಿ ಬರಲಿ."

ಹಿತ್ತಲ ಬಾಗಿಲು ಕಿರುಗುಟ್ಟಿತು.

"ಊಟಕ್ಕೆ ಬನ್ನಿ ಮಕ್ಕಳೇ. ಆರಿಹೋಗತ್ತೆ."

ದೋನ್ಯಾ ಹೆರ್ಮೀನಿಯಾ. ಎರಡೂ ಕೈಯಲ್ಲಿ ಪಾತ್ರೆ, ತೋಳಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಬಿಸಿ ತೊರ್ತೀಯಾ ರೊಟ್ಟಿ. ಹಳ್ಳದಲ್ಲಿದ್ದ ನನ್ನ ಕಡೆ ಒಂದೇ ಕಣ್ಣಿನಿಂದ ನೋಡಿದಳು. ಹಲಗೆಯೊಂದರ ಮೇಲೆ ತಟ್ಟೆ ಜೋಡಿಸಿದಳು. ಐದು ತಟ್ಟೆ.

ಉಬಾಲ್ದೋ ಎಡ್ಗಾರ್ದೋವನ್ನು ನೋಡಿದ. ಕೋಳಿಯನ್ನು ನೋಡಿದ. ಅವನನ್ನೂ ಯಾವುದೋ ತಾಯಿ ಬೆಳೆಸಿದ್ದಳು... ಮುದುಕಿಯೊಬ್ಬಳು ಬಡಿಸಿದ ಊಟಕ್ಕೆ ಬೇಡ ಅನ್ನುವುದು ಅವನಿಗೆ ಬರುತ್ತಿರಲಿಲ್ಲ. ಬೂಟು ನನ್ನ ಎದೆಯಿಂದ ಇಳಿಯಿತು. ಕಡ್ಡಿಯಂತಿದ್ದವನು ಪಂಪು ನಿಲ್ಲಿಸಿದ. ನಾನೂ ಮೇಲೆ ಬಂದು ಅವರ ಪಕ್ಕದಲ್ಲೇ ಕೂತೆ. ಬೇರೆ ಜಾಗವಿರಲಿಲ್ಲ.

"ಇನ್ನೊಂಚೂರು ಹಾಕ್ಲಾ ಮಗ?"

"ಹಾಕಿ ಅಮ್ಮ," ಅಂದ ಉಬಾಲ್ದೋ.

ಅವಳು ಅವನ ಎದುರು ಕೂತಳು. ಮೆಲ್ಲಗೆ ಕೇಳಿದಳು. "ಆ ಬದಿಗೆ ಕಾಂಕ್ರೀಟ್ ಹಾಕಿದ್ದೂ ನೀನೇನಾ? ಮೇ ಮೂರರಂದು?"

"ಹೂಂ ಅಮ್ಮ," ಅಂದ, ಬಾಯಿತುಂಬ ಕೋಳಿ.

"ಅಯ್ಯೋ. ಆವತ್ತು ನಿನಗೆ ಯಾರೂ ಊಟಾನೇ ಹಾಕಿರಲ್ಲ."

ಉಬಾಲ್ದೋ ಅಗಿಯುವುದನ್ನು ನಿಲ್ಲಿಸಿದ. ತಾನು ಏನು ಹೇಳಿದೆ ಅಂತ ಅವನಿಗೆ ಆಗ ಹೊಳೆಯಿತು. ತಲೆ ತಗ್ಗಿಸಿದ. ಕಿವಿ ಕೆಂಪಾಯಿತು.

ದೋನ್ಯಾ ಐದನೇ ತಟ್ಟೆಯನ್ನು ಎತ್ತಿ ಗೇಟಿನ ಕಡೆ ಚಾಚಿದಳು.

"ಎಡ್ಗಾರ್ದೋ, ನೀನೂ ತಿಂದು ಹೋಗು."

"ಅತ್ತೆ, ಅವರ ಮಾತು ಕಟ್ಕೊಂಡು ನೀವು..."

"ನಾನೇನೂ ಕೇಳಿಲ್ಲಪ್ಪ. ಊಟ ಮಾಡು ಅಂದೆ."

ಅವನು ಸಿಗರೇಟು ಎಸೆದ. ಗೇಟು ತೆಗೆದ. ಹೊರಟುಹೋದ. ಕಾರಿನ ಸದ್ದು ಬೀದಿಯ ಗರಗಸಗಳ ಸದ್ದಿನಲ್ಲಿ ಬೆರೆತುಹೋಗುವ ತನಕ ಅವಳು ತಟ್ಟೆ ಹಿಡಿದೇ ನಿಂತಿದ್ದಳು. ಆಮೇಲೆ ಅದಕ್ಕೆ ಒಂದು ಬಟ್ಟೆ ಮುಚ್ಚಿ ಒಳಗೆ ಒಯ್ದಳು.

ಮಾರನೇ ಬೆಳಿಗ್ಗೆ ಉಬಾಲ್ದೋ ಒಬ್ಬನೇ ಬಂದ. ಹೆಗಲ ಮೇಲೆ ದೊಡ್ಡ ಸುತ್ತಿಗೆ. ನಾನು ಹಿಂದಕ್ಕೆ ಸರಿದೆ.

"ಹೆದರ್ಬೇಡ ಮಾರಾಯ. ಹಾಕಿದವನೇ ಒಡೀಬೇಕಲ್ಲ."

ಒಡೆದ. ಮೂರು ದಿನ ಒಡೆದ. ದೋನ್ ಚೇಮಾ ವಾಪಸ್ ಬಂದ, ಶಿಲುಬೆಯೊಂದಿಗೆ. ಅವನನ್ನು ಗಡಿಯಾಚೆ ಕಳಿಸುವ ಆ ಫೋನು ಹೋಗಲೇ ಇಲ್ಲ. ಡೌನಿಯ ಆಫೀಸಿಗೆ ನಾನೊಮ್ಮೆ ಹೋಗಿ, ಉಬಾಲ್ದೋಗೆ ನೆನಪಿನ ಶಕ್ತಿ ಬಹಳ ಚೆನ್ನಾಗಿದೆ ಅಂತ ಹೇಳಿ ಬಂದಿದ್ದೆ. ಇನ್‌ಸ್ಪೆಕ್ಟರ್ ಬಂದು ಸರಳು ನೋಡಿ ಒಪ್ಪಿದ. ಗೋಡೆ ಎದ್ದಿತು, ಸೂರು ಬಂತು. ನವೆಂಬರಿನಲ್ಲಿ ಚೇಮಾ ಶಿಲುಬೆಯನ್ನು ಇಳಿಸಿ ದೋನ್ಯಾಳ ಕೈಗೆ ಕೊಟ್ಟ. ಬಿಳಿ ಗೋಡೆ, ನೀಲಿ ಬಾಗಿಲು, ಮುಂದೆ ಒಂದು ನಿಂಬೆಗಿಡ. ಒಬ್ಬ ಮನುಷ್ಯನಿಗೆ ಸರಿಯಾಗಿ ಸಾಕಾಗುವಷ್ಟು ಮನೆ.

ಕೋಟು ಒಗೆಸಿಕೊಂಡು ಹೋದೆ.

"ಬಾಡಿಗೆಗೆ ಯಾರಾದ್ರೂ ಸಿಕ್ಕಿದ್ರಾ, ದೋನ್ಯಾ?"

"ಕೇಳ್ಕೊಂಡು ಬರ್ತಾ ಇದಾರೆ."

"ನಾನೂ ಕೇಳ್ಕೊಂಡೇ ಬಂದೆ ಅಂದ್ಕೊಳ್ಳಿ."

ಅವಳು ಕಾಫಿ ಇಟ್ಟಳು. ಎರಡೂ ಕಣ್ಣು ಈಗ ಚೆನ್ನಾಗಿ ಕಾಣುತ್ತಿದ್ದವು. ಎರಡರಿಂದಲೂ ನನ್ನನ್ನು ನೋಡಿದಳು.

"ನೀನು ಒಳ್ಳೆಯವನು, ಕಾಸಿಮೀರೋ. ಆದ್ರೆ ಬೆಳಗ್ಗೆ ಎದ್ದು ಕಿಟಕಿ ತೆಗೆದ್ರೆ ನಿನ್ನ ಮುಖ ಕಾಣತ್ತೆ. ನಿನ್ನ ಮುಖ ಕಂಡ್ರೆ ಅವನು ನೆನಪಾಗ್ತಾನೆ."

"ಸುಳ್ಳು ಹೇಳ್ಬೇಕಿತ್ತಾ ನಾನು?"

"ನನ್ನಪ್ಪನೂ ಗಾರೆಯವನೇ ಕಣೋ. ಮೇ ಮೂರು ಏನು ಅಂತ ನನಗೆ ಗೊತ್ತಿರ್ಲಿಲ್ವಾ? ಅವನು ಆ ಮಾತು ಅಂದಾಗ್ಲೇ ತಿಳೀತು." ಲೋಟ ನನ್ನ ಕಡೆ ಸರಿಸಿದಳು. "ನನ್ನ ಲೆಕ್ಕ ತಪ್ಪು ಅಂತ ಯಾರಾದ್ರೂ ಒಬ್ಬರು ಬಂದು ಹೇಳ್ಲಿ ಅಂತಲೇ ನಿನ್ನನ್ನ ಕರೆಸಿದ್ದು."

ಕಾಫಿ ಕುಡಿದೆ. ಚೆನ್ನಾಗಿತ್ತು. ಹೊರಡುವಾಗ ಡಬ್ಬಿಯಲ್ಲಿ ಊಟ ಕಟ್ಟಿಕೊಟ್ಟಳು. ಗೇಟಿನ ತನಕ ಬಂದಳು.

ಆ ಮನೆಯಲ್ಲಿ ಈಗ ಉಬಾಲ್ದೋ ಇದ್ದಾನೆ, ತನ್ನ ತಾಯಿಯ ಜೊತೆ. ಬಾಡಿಗೆ ತಿಂಗಳ ಮೊದಲ ದಿನವೇ ತಲುಪುತ್ತದಂತೆ. ಮುಂದಿನ ಮನೆಯ ತೆರಿಗೆ ಕಟ್ಟಿದ್ದಾಯಿತು. ನಿಂಬೆಗಿಡಕ್ಕೆ ನೀರೂ ಅವನೇ ಹಾಕುತ್ತಾನೆ.

ಕಾಂಕ್ರೀಟ್ ಸುರಿದವನಿಗೆ ಮನೆ ಸಿಕ್ಕಿತು. ನಿಜ ಹೇಳಿದವನಿಗೆ ಒಂದು ಬಟನ್ ಸಿಕ್ಕಿತು.