ದವಾಖಾನೆಯ ಖಾಲಿ ಫ್ರಿಜ್

ಕ್ರೈಸ್ತ ಸನ್ಯಾಸಿನಿಯರ ದವಾಖಾನೆಯಲ್ಲಿ ಸಿಸ್ಟರ್ ಎಮಿಲ್ಡಾ ಫ್ರಿಜ್ಜಿನ ಬಾಗಿಲು ತೆಗೆದರು. ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ನಿನ ಡಬ್ಬಿ ಇದ್ದಲ್ಲೇ ಇತ್ತು. ಒಳಗೆ ಒಂದೂ ಬಾಟಲಿ ಇರಲಿಲ್ಲ.

ಹಿಂದೆ ಬೆಂಚಿನ ಮೇಲೆ ಮಂಜುಳಾ ಮಲಗಿದ್ದಳು. ಬೆಳಿಗ್ಗೆ ಮೇವು ಕೊಯ್ಯಲು ಹೋದವಳ ಪಾದಕ್ಕೆ ಹಾವು ಕಚ್ಚಿತ್ತು. ಆಗಲೇ ರೆಪ್ಪೆ ಇಳಿಬಿದ್ದು ಮಾತು ತೊದಲುತ್ತಿತ್ತು.

"ಲಗೂ ಚುಚ್ಚರಿ ಅವ್ವಾರ!" ಹೊತ್ತು ತಂದ ಗಂಡ ರಾಯಪ್ಪ ಕೂಗಿದ.

ಚುಚ್ಚಲು ಏನಿದೆ? ಕಿರಿಯ ಸಿಸ್ಟರ್ ಲೂಸಿ ಅವಳನ್ನು ಜೀಪಿಗೆ ಹಾಕಿಕೊಂಡು, ಉಸಿರು ನಿಲ್ಲದಂತೆ ಮೂಗುಬಾಯಿಗೆ ಗಾಳಿಚೀಲ ಹಿಡಿದು ಒತ್ತುತ್ತಾ ಬೈಲಹೊಂಗಲದ ಕಡೆ ಹೊರಟರು. ರಾಯಪ್ಪನೂ ಹತ್ತುವವನೇ. ಅಷ್ಟರಲ್ಲಿ ಅವನ ಅಣ್ಣ ಮಹಾದೇವ ರಟ್ಟೆ ಹಿಡಿದ.

"ಆಕಿ ಜೋಡಿ ನಮ್ಮವ್ವ ಹೋಗಲಿ. ನೀ ನಿಲ್ಲು. ಈ ಸಿಸ್ಟರ್‌ಗಳ ಮ್ಯಾಲ ಕಂಪ್ಲೇಂಟ್ ಕೊಡೂದೈತಿ."

ರಾಯಪ್ಪ ನಿಂತ. ಅಣ್ಣನ ಮಾತು ಮೀರಿ ಅವನಿಗೆ ರೂಢಿಯಿರಲಿಲ್ಲ.

*

ಪಿಎಸ್‌ಐ ಭಾಗೀರಥಿ ಬಂದಾಗ ಗೇಟಿನ ಮುಂದೆ ಅರ್ಧ ಊರು ಸೇರಿತ್ತು. ದೊಡವಾಡದ ಆಚೆಯ ಸಣ್ಣ ಹಳ್ಳಿ ಅದು. ನಿನ್ನೆಯವರೆಗೆ ಇದೇ ಬಾಗಿಲಲ್ಲಿ ಸಾಲುಗಟ್ಟಿ ಬಿಟ್ಟಿ ಗುಳಿಗೆ ನುಂಗಿದವರು ಇಂದು ದವಾಖಾನೆಗೆ ಜಡಿಯಲು ಬೀಗ ತಂದಿದ್ದರು. ಯಾರೋ ಕಲ್ಲೆಸೆದು ಕಿಟಕಿಯ ಗಾಜನ್ನೂ ಒಡೆದಿದ್ದರು. ಉಂಡ ಮನೆಯ ಜಂತೆ ಎಣಿಸುವ ಮಂದಿ. ಭಾಗೀರಥಿಗೆ ಮನುಷ್ಯರ ಮೇಲೆ ಮೊದಲೇ ಅಷ್ಟಕ್ಕಷ್ಟೆ. ಇಂಥ ಗುಂಪು ಕಂಡರಂತೂ ಮೈಯುರಿಯುತ್ತಿತ್ತು.

ಎಲ್ಲರಿಗಿಂತ ಮುಂದೆ ಮಹಾದೇವ ಡಾಕ್ಟರ್. ಡಾಕ್ಟರ್ ಎನ್ನುವುದು ಅಂಗಡಿಯ ಬೋರ್ಡಿನ ಮೇಲೆ ಮಾತ್ರ. ಧಾರವಾಡದ ಔಷಧದ ಅಂಗಡಿಯೊಂದರಲ್ಲಿ ಪೊಟ್ಟಣ ಕಟ್ಟುತ್ತಾ ಕಲಿತ ವೈದ್ಯ. ಜ್ವರಕ್ಕೂ ಸಲಾಯಿನ್, ಬೆನ್ನುನೋವಿಗೂ ಸಲಾಯಿನ್. ಗಂಡ ಹೆಂಡಿರ ಜಗಳಕ್ಕೆ ಕರೆದರೂ ಒಂದು ಸಲಾಯಿನ್ ಏರಿಸಿಯೇ ಬರುತ್ತಿದ್ದ. ಅವನ ಅಂಗಡಿ ದವಾಖಾನೆಯ ಎದುರಿಗೇ ಇತ್ತು. ಸಿಸ್ಟರ್‌ಗಳು ಬಂದ ಮೇಲೆ ಅಲ್ಲಿ ನೊಣ ಬಿಟ್ಟರೆ ಬೇರೆ ಗಿರಾಕಿ ಕಡಿಮೆ.

"ನಾ ಕಣ್ಣಾರೆ ಕಂಡೇನ್ರಿ ಮೇಡಮ್ಮಾರ," ಎಂದ ಮಹಾದೇವ. ಕೊರಳಲ್ಲಿ ಸ್ಟೆತಸ್ಕೋಪು ತೂಗುತ್ತಿತ್ತು. "ಬೆಳಿಗ್ಗೆ ಹಲ್ಲು ತಿಕ್ಕಾಕ ಹತ್ತಿದ್ದೆ. ಚಾಪೆಲ್ಲಿನ ಗಂಟಿ ಢಣ್ ಅಂತು. ಆಗ ಈ ಎಮಿಲ್ಡಾ ಸಿಸ್ಟರ್ ಚೀಲ ಹಿಡಕೊಂಡ ಹೊರಗ ಬಂದ್ರು. ಬಸ್ ಸ್ಟಾಂಡಿನ್ಯಾಗ ಒಬ್ಬವಂಗ ಕೊಟ್ರು. ಬಟ್ಟಿ ಸುತ್ತಿದ ಬಾಟ್ಲಿ ಇದ್ದೂರಿ. ಮಾರ್ಕೊಂಡಾರ, ಮತ್ತೇನು?"

"ಗಂಟಿ ಹೊಡದಾಗ?"

"ಖರೇನ ಆಗಲೇ. ಇಡೀ ಊರು ಆ ಗಂಟಿಗೆ ಏಳತೈತ್ರಿ."

ಗುಂಪು ಹೌದು ಹೌದು ಎಂದಿತು. ಹೌದಪ್ಪಗಳಿಗೆ ಯಾವ ಊರಲ್ಲಿ ಬರ?

*

ಭಾಗೀರಥಿ ಒಳಗೆ ಹೋದಳು. ಸಿಸ್ಟರ್ ಎಮಿಲ್ಡಾ ನೆಲದ ಗಾಜು ಗುಡಿಸುತ್ತಿದ್ದರು. ಮಂಗಳೂರಿನ ಕಡೆಯವರು; ಈ ಕಡೆ ಬಂದು ತಲೆಗೂದಲು ನರೆತಿತ್ತು, ಮಾತೂ ಇಲ್ಲಿಯದೇ ಆಗಿತ್ತು.

"ಫ್ರಿಜ್ಜಿಗೆ ಬೀಗ ಇಲ್ಲೇನ್ರಿ?"

"ಬಾಗಿಲಕ್ಕೂ ಇಲ್ರಿ. ಹಾವು ಚೇಳು ಹೊತ್ತು ನೋಡಿ ಕಡೀತಾವೇನು?"

"ನಿನ್ನೆ ಸಂಜಿಕ ಇಲ್ಲಿ ಯಾರಿದ್ರು?"

"ಯಾರೂ ಇದ್ದಿದ್ದಿಲ್ಲ. ಪಾದ ತೊಳಿಯೂ ಪೂಜಾ ಇತ್ತು. ಎಲ್ಲಾರೂ ಚಾಪೆಲ್‌ನ್ಯಾಗ ಇದ್ವಿ."

"ಬೆಳಿಗ್ಗೆ ಚೀಲ ಹಿಡಕೊಂಡು ಹೋಗಿದ್ರೇನು?"

"ಹೋಗಿದ್ದೆ. ದಿನಾ ಹೋಗತೇನಿ, ಒಬ್ಬರ ಗಾಯ ತೊಳದು ಕಟ್ಟಾಕ."

"ಯಾರ ಗಾಯ?"

"ಹೆಸರು ಹೇಳಬ್ಯಾಡ್ರಿ ಅಂತ ಅವರು ಕೈ ಮುಗದಾರ. ಆ ರೋಗ ಊರಿಗೆ ತಿಳದ್ರ ಮಗಳ ಲಗ್ನ ಮುರೀತೈತಿ. ನಾ ಹೇಳೂದಿಲ್ಲ."

"ಹೇಳದಿದ್ರ ನಿಮ್ಮನ್ನ ಸ್ಟೇಷನ್ನಿಗೆ ಒಯ್ಯಬೇಕಾಗತೈತಿ. ಈ ದವಾಖಾನಿ ಇವತ್ತ ಬಂದ್ ಆಗತೈತಿ."

"ಒಯ್ರಿ. ಅದಕ್ಕೂ ಮೊದಲ ಬೇರೆ ಇಂಜೆಕ್ಷನ್ ತರಸ್ರಿ. ಮ್ಯಾವಿನ ಹೊಲದಾಗ ಇನ್ನೂ ಹೆಣಮಕ್ಕಳು ಅದಾರ."

ಭಾಗೀರಥಿಗೆ ಸಿಟ್ಟು ಬಂತು. ತನ್ನ ಕುತ್ತಿಗೆಗೆ ಬಂದಾಗಲೂ ಇನ್ನೊಬ್ಬರ ಗುಟ್ಟು ಕಾಯುವ ಒಳ್ಳೆಯತನ ಪೊಲೀಸರ ಕೆಲಸ ಕೆಡಿಸುತ್ತದೆ. ಆಕೆ ಖಾಲಿ ಡಬ್ಬಿಯನ್ನು ಕೈಗೆತ್ತಿಕೊಂಡಳು. ತಳದಲ್ಲಿ ಬೂದು ಬಣ್ಣದ ಬಟ್ಟೆಯ ಒಂದು ಚೂರು ಅಂಟಿತ್ತು.

"ಇದೇನು?"

"ನಮ್ಮ ಹಳೇ ಸೀರಿ. ಹರದು ಒಂದೊಂದು ಬಾಟ್ಲಿಗೂ ಸುತ್ತಿಡತೇವಿ, ಒಂದಕ್ಕೊಂದು ಬಡದು ಒಡೀಬಾರದಂತ."

"ಇದು ಹೊರಗಿನವರಿಗೆ ಗೊತ್ತೈತೇನು?"

"ಫ್ರಿಜ್ಜಿನೊಳಗಿಂದು ಹೊರಗಿನವರಿಗೆ ಹೆಂಗ ಗೊತ್ತಿರತೈತ್ರಿ?"

ಅಷ್ಟರಲ್ಲಿ ಹೊರಗೆ ಟಕಟಕ ಸದ್ದು. ಮುದಿ ಸಿಸ್ಟರ್ ಒಬ್ಬರು ಹಿಡಿಕೆಯಿದ್ದ ಮರದ ಹಲಗೆಯೊಂದನ್ನು ಅಲ್ಲಾಡಿಸುತ್ತಾ ಅಂಗಳದಲ್ಲಿ ಹೊರಟಿದ್ದರು. ಹೊಲದಲ್ಲಿ ಗಿಳಿ ಓಡಿಸುವವರ ಹಾಗೆ ಕಂಡಿತು.

"ಪ್ರಾರ್ಥನಾಕ್ಕ ಕರಿಯಾಕತ್ತಾರ," ಎಂದರು ಎಮಿಲ್ಡಾ.

"ಅಷ್ಟ ದೊಡ್ಡ ಗಂಟಿ ಐತೆಲ್ಲ?"

"ಇವತ್ತ ಶುಭ ಶುಕ್ರವಾರ ಅಲ್ರೀ. ಯೇಸುಸ್ವಾಮಿ ಸತ್ತ ದಿನ. ನಿನ್ನೆ ಸಂಜಿ ಪೂಜಾದಿಂದ ಶನಿವಾರ ರಾತ್ರಿತನಕ ಗಂಟಿ ಹೊಡಿಯೂಹಂಗಿಲ್ಲ."

ಭಾಗೀರಥಿ ಕಿಟಕಿಯಿಂದ ನೋಡಿದಳು. ಗಂಟೆಯ ಹಗ್ಗವನ್ನು ಸುತ್ತಿ, ಕೈಗೆಟುಕದ ಮೊಳೆಗೆ ಕಟ್ಟಿದ್ದರು.

ಆಕೆಯ ತುಟಿಯ ಮೇಲೆ ಒಂದು ನಗೆ ಬಂತು. ಚಂದದ ನಗೆಯೇನಲ್ಲ.

*

ಭಾಗೀರಥಿ ಎಮಿಲ್ಡಾರನ್ನು ಕರೆದುಕೊಂಡು ಗೇಟಿಗೆ ಬಂದಳು. "ಡಾಕ್ಟರೇ, ಇನ್ನೊಮ್ಮೆ ಹೇಳ್ರಿ. ಗಂಟಿ ಹೊಡದಾಗ ಇವರನ್ನ ಕಂಡಿದ್ದು ಖರೇ ಏನು?"

"ಬಸವಣ್ಣನ ಆಣಿರಿ!"

"ಬಸವಣ್ಣನ್ನ ಯಾಕ ಎಳೀತೀರಿ, ಪಾಪ. ಇವತ್ತ ಗಂಟಿನ ಹೊಡದಿಲ್ಲ."

ಗುಂಪಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೌದಲ್ಲ, ಹೊಡೆದಿರಲಿಲ್ಲ. ಪ್ರತಿ ವರ್ಷ ಹೀಗೇ ಆಗುತ್ತಿತ್ತು. ಬಾರಿಸದ ಗಂಟೆ ಯಾರ ಕಿವಿಗೂ ಬಿದ್ದಿರಲಿಲ್ಲ.

"ಕಂಡವ ಇವತ್ತಿಂದು ಹೇಳತಾನ. ಕಾಣದವ ದಿನಾ ಆಗೂದನ್ನ ಹೇಳತಾನ," ಎಂದಳು ಭಾಗೀರಥಿ. "ದಿನಾ ಗಂಟಿ ಹೊಡೀತೈತಿ, ದಿನಾ ಸಿಸ್ಟರ್ ಹೊರಗ ಬರ್ತಾರ. ಅದನ್ನ ಹೊಲದು ಸುಳ್ಳಿನ ಅಂಗಿ ಮಾಡೀರಿ. ಇವತ್ತ ಬೆಳಿಗ್ಗೆ ನೀವು ಹಾಸಿಗ್ಯಾಗ ಗೊರಕಿ ಹೊಡೀತಿದ್ರಿ."

"ಅದು... ಮರತಿರಬೇಕ್ರಿ..."

"ಬಟ್ಟಿ ಸುತ್ತಿದ ಬಾಟ್ಲಿ ಅಂದಿದ್ದು ಮಾತ್ರ ಮರತಿಲ್ಲ. ಚೀಲದೊಳಗಿನ ಬಾಟ್ಲಿಗೆ ಬಟ್ಟಿ ಸುತ್ತೇತಂತ ರಸ್ತಾದಾಚೆ ನಿಂತವಗ ಹೆಂಗ ಕಂಡೀತು? ಅದು ಫ್ರಿಜ್ಜಿನ್ಯಾಗ ಕೈ ಹಾಕಿದವಗ ಮಾತ್ರ ಗೊತ್ತು. ನಿನ್ನೆ ಇವರು ಪೂಜಾದಾಗ ಇದ್ದಾಗ ಕೈ ಹಾಕಿದವ ನೀನ. ಅಂಗಡಿ ತಗೀ."

ಬಹುವಚನ ಅಲ್ಲಿಗೆ ಮುಗಿಯಿತು.

ಅಂಗಡಿಯ ಹಿಂದಿನ ಕೋಣೆಯಲ್ಲಿ ಸೋಡಾ ಬಾಟಲಿ ಇಡುವ ಫ್ರಿಜ್ಜಿತ್ತು. ಮೇಲಿನ ಮಂಜಿನ ಖಾನೆಯಲ್ಲಿ ಬೂದು ಬಟ್ಟೆಯ ಸಣ್ಣ ಸಣ್ಣ ಗಂಟುಗಳು. ಸಿಸ್ಟರ್ ಎಮಿಲ್ಡಾ ಒಂದನ್ನು ಬಿಚ್ಚಿದರು. ಒಳಗಿನ ಔಷಧ ಕಲ್ಲಾಗಿತ್ತು.

"ಇದನ್ನ ಹೆಪ್ಪುಗಟ್ಟಸಬಾರದ್ರಿ. ಎಲ್ಲಾ ಕೆಟ್ಟಾವ," ಎಂದರು.

ಇಷ್ಟೂ ತಿಳಿಯದ ಡಾಕ್ಟರು!

"ಮಾರಾಕ ಅಲ್ರಿ," ಎಂದ ಮಹಾದೇವ. ಸ್ಟೆತಸ್ಕೋಪು ಈಗ ಕೈಯಲ್ಲಿತ್ತು. "ಯಾರಿಗಾರ ಹಾವು ಕಡದ್ರ ದವಾಖಾನ್ಯಾಗ ಔಷಧ ಇಲ್ಲಂತ ನನ್ನ ಕಡೆ ಬರ್ತಾರ. ನಾ ಉಳಸ್ತೇನಿ. ನನಗೂ ಒಂದು ಹೆಸರು ಬರತೈತಿ ಅಂತ..."

ರಾಯಪ್ಪ ಗುಂಪನ್ನು ಸೀಳಿಕೊಂಡು ಬಂದ. ಕೂಗಲಿಲ್ಲ.

"ಅಣ್ಣಾ, ಆಕಿ ಅಲ್ಲಿ ಬಿದ್ದಿದ್ಲು. ನೀ ನನ್ನ ಬಾಜೂಕ ನಿಂತಿದ್ದಿ. ಇದು ಇಲ್ಲೇ ಇತ್ತು. ಯಾಕ ತರಲಿಲ್ಲ?"

"ಅಲ್ಲಿ ಡಬ್ಬಿ ಖಾಲಿ ಅಂತ ಎಲ್ಲಾರೂ ಕಂಡ ಮ್ಯಾಲ ತಂದಿದ್ರ, ಎಲ್ಲಿಂದ ತಂದಿ ಅಂತ ಕೇಳತಿದ್ರಲ್ಲೋ, ತಮ್ಮಾ."

ಭಾಗೀರಥಿ ಕಳ್ಳರನ್ನು ಕಂಡಿದ್ದಳು, ಕೊಲೆಗಾರರನ್ನೂ ಕಂಡಿದ್ದಳು. ಯಾರನ್ನು ಕಂಡೂ ಇಷ್ಟು ಹೇಸಿಗೆಯಾಗಿರಲಿಲ್ಲ. ಹೊಡೆಯಬೇಕೆಂದೂ ಅನಿಸಲಿಲ್ಲ; ಮುಟ್ಟಿದರೆ ಕೈ ತೊಳೆಯಬೇಕಾದೀತು. ಬೀಗ ತಂದವರು ಬೀಗವನ್ನು ಧೋತರದಲ್ಲಿ ಮುಚ್ಚಿಕೊಂಡು ಮೆಲ್ಲಗೆ ಕರಗತೊಡಗಿದ್ದರು.

ಸಿಸ್ಟರ್ ಎಮಿಲ್ಡಾರ ಫೋನು ರಿಂಗಾಯಿತು. ಬೈಲಹೊಂಗಲದಿಂದ ಲೂಸಿ. ಭಾಗೀರಥಿ ಫೋನು ತೆಗೆದುಕೊಂಡು ಎಲ್ಲರಿಗೂ ಕೇಳುವಂತೆ ಹಿಡಿದಳು.

"ಮಂಜುಳಾ ಉಳಿದಾಳ್ರಿ!" ಲೂಸಿಯ ದನಿ ಅಳುತ್ತಿತ್ತು, ನಗುತ್ತಿತ್ತು. "ಕಣ್ಣು ಬಿಟ್ಟಾಳ. ಇಲ್ಲಿಯ ಡಾಕ್ಟರು ಮುಟ್ಟಾಕ ಹೋದ್ರ ಅಂಜಾಕತ್ತಾಳ್ರಿ. ಒಂದ ಮಾತು ಹೇಳಾಕತ್ತಾಳ. ‘ನಮ್ಮ ಭಾವಾರನ್ನ ಕರೀರಿ, ಅವರು ಡಾಕ್ಟರ್ ಅದಾರ, ಅವರು ಬಂದ್ರ ನಾ ಉಳೀತೇನಿ’ ಅಂತ. ಮಹಾದೇವ ಅವರು ಅಲ್ಲೇ ಅದಾರೇನ್ರಿ? ಲಗೂ ಕಳಸ್ರಿ."

ಭಾಗೀರಥಿ ಫೋನನ್ನು ಮಹಾದೇವನ ಬಾಯಿಯ ಹತ್ತಿರ ಹಿಡಿದು ನಿಂತಳು.

"ಹೇಳು," ಎಂದಳು. "ಡಾಕ್ಟರ್ ಬರ್ತಾನಂತ ಹೇಳು."