ಊದಿದ ಕಣ್ಣುಗಳ ಬೆಳಗು

'ಇವತ್ತೊಂದು ದಿನ ಕಣ್ಣು ಊದದೇ ಇದ್ದಿದ್ರೆ ಏನಾಗ್ತಿತ್ತು...'

ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು ಚೇತನಾ ಮನಸ್ಸಿನಲ್ಲೇ ಹೇಳಿಕೊಂಡಳು. ಅವಳ ರೆಪ್ಪೆಗಳು ರಾತ್ರಿಯೆಲ್ಲಾ ನೀರಲ್ಲಿ ನೆನೆಹಾಕಿದ ಅವರೆಕಾಳಿನ ಹಾಗೆ ಉಬ್ಬಿಕೊಂಡಿದ್ದವು.

ಹನ್ನೊಂದಕ್ಕೆ ಗಂಡಿನ ಕಡೆಯವರು ಬರುವವರಿದ್ದರು. ಯಾರು ನೋಡಿದರೂ ಹುಡುಗಿ ರಾತ್ರಿಯೆಲ್ಲಾ ಅತ್ತಿದ್ದಾಳೆ ಎಂದುಕೊಳ್ಳುವುದು ಖಂಡಿತ.

ಅವಳು ಅತ್ತಿರಲಿಲ್ಲ. ಅದು ಮಾತ್ರೆಯ ಕೆಲಸ.

ದಿನಕ್ಕೊಂದು ಮಾತ್ರೆ. ಮಧ್ಯಾಹ್ನದ ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು. ಎರಡು ವರ್ಷದ ಹಿಂದೆ, ಬಿ.ಎಸ್ಸಿ. ಕೊನೆಯ ಪರೀಕ್ಷೆ ಮುಗಿದ ಮೇಲೆ, ಸುಸ್ತು ಹೋಗಲೊಲ್ಲದೆಂದು ರಕ್ತ ಪರೀಕ್ಷೆ ಮಾಡಿಸಿದಾಗ ಬಿಳಿ ರಕ್ತಕಣಗಳು ಲೆಕ್ಕ ಮೀರಿ ಬೆಳೆದಿದ್ದು ಗೊತ್ತಾಗಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದ್ದರು. ಜೀವಕೋಶದೊಳಗೆ ಎರಡು ವರ್ಣತಂತುಗಳು ಮುರಿದು, ತುದಿಗಳು ಅದಲುಬದಲಾಗಿ ಅಂಟಿಕೊಂಡಿವೆ. ಆ ತಪ್ಪು ಜೋಡಣೆಯಿಂದ ಹುಟ್ಟಿದ ಒಂದು ಪ್ರೋಟೀನು ಕೋಶಕ್ಕೆ 'ಇಬ್ಭಾಗವಾಗು, ಇಬ್ಭಾಗವಾಗು' ಎಂದು ಬಿಡದೆ ಹೇಳುತ್ತಿದೆ.

"ಹತ್ತು ವರ್ಷದ ಹಿಂದೆ ಬಂದಿದ್ರೆ ನಾನು ಬೇರೆ ಥರ ಮಾತಾಡ್ಬೇಕಾಗ್ತಿತ್ತು ಕಣಮ್ಮ," ಎಂದಿದ್ದರು ಅವರು. "ಈಗ ಆ ಪ್ರೋಟೀನಿನ ಬಾಯನ್ನೇ ಹುಡುಕಿಕೊಂಡು ಹೋಗಿ ಮುಚ್ಚೋ ಮಾತ್ರೆ ಬಂದಿದೆ. ಕಣ್ಣು ಸ್ವಲ್ಪ ಊದುತ್ತೆ. ಬಣ್ಣ ಸ್ವಲ್ಪ ತಿಳಿಯಾಗುತ್ತೆ. ತಡ್ಕೋಬೇಕು."

ತಡೆದುಕೊಂಡಿದ್ದಳು. ಆದರೆ ಕಾಯಿಲೆಯ ಹೆಸರನ್ನು ಮಾತ್ರ ಗೋವಿಂದರಾಜನಗರದ ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಮ್ಮನಿಗೆ 'ಅದು'. ಅಪ್ಪನಿಗೆ 'ಆ ವಿಷಯ'. ದಿನಾ ಮಲಗುವ ಮುಂಚೆ ಡೈರಿ ಬರೆಯುವ ಚೇತನಾ ಕೂಡ 'ಅದು' ಎಂದೇ ಬರೆಯುತ್ತಿದ್ದಳು.

"ಏನೇ ಚೇತು, ದಿನದಿನಕ್ಕೂ ಬೆಳ್ಳಗಾಗ್ತಾ ಇದೀಯ," ಒಳಗೆ ಬಂದ ದೊಡ್ಡಮ್ಮ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದರು. ಅವರಿಗೆ ಏನೂ ಗೊತ್ತಿರಲಿಲ್ಲ. "ಯಾವ ಕ್ರೀಮು ಕಣೇ? ನಮ್ಮ ಪುಟ್ಟಿಗೂ ಹೇಳೇ."

"ಕಡ್ಲೆಹಿಟ್ಟು ಅಕ್ಕ, ಬರೀ ಕಡ್ಲೆಹಿಟ್ಟು," ಅಡುಗೆಮನೆಯಿಂದಲೇ ಅಮ್ಮ ಗಡಿಬಿಡಿಯಿಂದ ಹೇಳಿದರು.

ಆಮೇಲೆ ಅಪ್ಪ ನಂಜುಂಡಪ್ಪ ಮಗಳನ್ನು ಪಕ್ಕಕ್ಕೆ ಕರೆದರು. "ನೋಡಮ್ಮ, ನಾವೇನೂ ಸುಳ್ಳು ಹೇಳ್ತಿಲ್ಲ. ಅವರು ಕೇಳಿದ್ರೆ ತಾನೆ ಹೇಳೋದು?"

ಯಾರು ಕೇಳುತ್ತಾರೆ, ನಿಮ್ಮ ಹುಡುಗಿಯ ವರ್ಣತಂತುಗಳು ನೆಟ್ಟಗಿವೆಯಾ ಎಂದು?

* * *

ಹುಡುಗನ ಹೆಸರು ಶಿವಯೋಗಿ. ನರಗುಂದದ ಕಡೆಯವನು. ರಾಜಾಜಿನಗರದ ವಾಲ್ವ್ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಜೊತೆಗೆ ತಾಯಿ ಕಸ್ತೂರೆವ್ವ, ಇಳಕಲ್ ಸೀರೆಯ ಸೆರಗನ್ನು ತಲೆ ತುಂಬ ಹೊದ್ದು ಕೂತಿದ್ದರು.

"ಎಷ್ಟು ಬೆಳ್ಳಗದಾಳ ನೋಡೋ ಯಪ್ಪಾ... ಹಾಲಿನ್ಯಾಗ ತೊಳದಂಗ," ಎಂದರು ಕಸ್ತೂರೆವ್ವ, ಉಪ್ಪಿಟ್ಟಿನ ತಟ್ಟೆ ತೆಗೆದುಕೊಳ್ಳುತ್ತಾ.

ಚೇತನಾ ತಲೆ ತಗ್ಗಿಸಿದಳು. ನಾಚಿಕೆಯೆಂದು ಎಲ್ಲರೂ ನಕ್ಕರು. ಆ ಮೆಚ್ಚುಗೆ ತನ್ನದಲ್ಲ, ರಾಗಿಹಿಟ್ಟಿನ ಡಬ್ಬಿಯ ಹಿಂದೆ ಅಮ್ಮ ಬಚ್ಚಿಟ್ಟ ಮಾತ್ರೆಗಳದ್ದು ಎಂದು ಅವಳಿಗೆ ಅನ್ನಿಸುತ್ತಿತ್ತು.

"ಹುಡುಗ ಹುಡುಗಿ ಎರಡು ಮಾತಾಡ್ಲಿ," ಎಂದು ದೊಡ್ಡಮ್ಮ ಇಬ್ಬರನ್ನೂ ತಾರಸಿಗೆ ಕಳಿಸಿದರು.

ನೀರಿನ ಟ್ಯಾಂಕಿನ ನೆರಳಲ್ಲಿ ಇಬ್ಬರೂ ನಿಂತರು. ಪಕ್ಕದ ಮನೆಯ ಬೆಡ್‌ಶೀಟು ಗಾಳಿಗೆ ಪಟಪಟ ಎನ್ನುತ್ತಿತ್ತು. ಅವನು ಅವಳ ಮುಖವನ್ನು ಒಮ್ಮೆ ನೋಡಿ, ಕೂಡಲೇ ಕಣ್ಣು ಬೇರೆ ಕಡೆ ತಿರುಗಿಸಿಕೊಂಡ.

"ಅತ್ತೀರಿ ಅಲ್ರೀ?"

ಚೇತನಾಳ ಕೈ ತಾನಾಗಿಯೇ ರೆಪ್ಪೆಯ ಮೇಲೆ ಹೋಯಿತು. ಬೆಳಗ್ಗೆ ಹೆದರಿದ್ದು ಇದಕ್ಕೇ...

"ಇಲ್ಲ... ಅದು... ಅಲರ್ಜಿ."

"ಮನಸ್ಸಿಲ್ಲಂದ್ರ ಹೇಳ್ರಿ. ನನಗ ಹುಡುಗಿ ಒಪ್ಪಿಗಿ ಇಲ್ಲ ಅಂತ ನಾನ ಅಂದುಬಿಡ್ತೀನಿ. ಮಾತು ನಿಮ್ಮ ಮ್ಯಾಲೆ ಬರಂಗಿಲ್ಲ."

ಮೊದಲ ಭೇಟಿಯಲ್ಲೇ ಬೈಗುಳವನ್ನು ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತೇನೆ ಎನ್ನುವ ಗಂಡಸನ್ನು ಅವಳು ಇಲ್ಲಿಯವರೆಗೆ ನೋಡಿರಲಿಲ್ಲ.

"ಹಾಗೇನಿಲ್ಲ... ಮನಸ್ಸಿದೆ," ಎಂದಳು. ಬೆಡ್‌ಶೀಟಿನ ಸದ್ದಿನಲ್ಲಿ ಅದು ಅವನಿಗೆ ಕೇಳಿಸಿತೋ ಇಲ್ಲವೋ, ಅವಳಿಗೇ ಗೊತ್ತಾಗಲಿಲ್ಲ.

* * *

ಎರಡೂ ಕಡೆ ಒಪ್ಪಿಗೆಯಾಯಿತು. ಶ್ರಾವಣದಲ್ಲಿ ನಿಶ್ಚಿತಾರ್ಥ ಎಂದರು. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಸ್ವಲ್ಪ ಅರ್ಥ ಮಾಡಿಕೊಳ್ಳಲಿ ಎಂದು ಅಪ್ಪನೇ ದೊಡ್ಡ ಮನಸ್ಸು ಮಾಡಿದರು.

ಸಂಜೆ ಅವನ ಶಿಫ್ಟು ಮುಗಿದ ಮೇಲೆ ಹಂಪಿನಗರದ ಲೈಬ್ರರಿಯ ಹತ್ತಿರ ಭೇಟಿ. ಸಂಜೆಯ ಹೊತ್ತಿಗೆ ಅವಳ ರೆಪ್ಪೆಗಳು ತಾವಾಗಿಯೇ ಇಳಿದಿರುತ್ತಿದ್ದವು. ಅವಳು ನಿರಾಳವಾಗಿ ಅವನ ಮುಖ ನೋಡುತ್ತಿದ್ದಳು.

"ಕಾರ್ಖಾನಿಯಾಗ ದಿನಾ ಸಾವಿರ ವಾಲ್ವು ಟೆಸ್ಟ್ ಮಾಡ್ತೀನ್ರೀ. ಒಂದು ಹನಿ ಸೋರಿದ್ರ ವಾಪಸ್ ಕಳಿಸ್ತೀನಿ," ಎಂದ ಒಂದು ಸಂಜೆ. "ನಾ ಇರೋ ರೂಮಿನ ನಲ್ಲಿ ಮಾತ್ರ ವರ್ಷದಿಂದ ಸೋರತೈತಿ."

"ರಿಪೇರಿ ಮಾಡಬಾರ್ದಾ?"

"ಮಾಡಿದ್ರ ರಾತ್ರಿ ಮಾತಾಡಾಕ ಯಾರದಾರ?"

ಅವಳು ನಕ್ಕುಬಿಟ್ಟಳು. ಲೈಬ್ರರಿಯ ಮೆಟ್ಟಿಲ ಮೇಲೆ ಕೂತಿದ್ದವರೊಬ್ಬರು ತಿರುಗಿ ನೋಡುವಷ್ಟು ಜೋರಾಗಿ.

ಆವತ್ತು ಡೈರಿಯಲ್ಲಿ ಬರೆಯಲು ಕೂತವಳು ತಾರೀಖು ಬರೆದು ಅಲ್ಲೇ ನಿಲ್ಲಿಸಿದಳು. 'ಇಷ್ಟು ಒಳ್ಳೆಯವರಿಗೆ ಮೋಸ ಮಾಡ್ತಿದ್ದೀನಾ?' ಎಂಬ ಪ್ರಶ್ನೆಯೊಂದೇ ಮತ್ತೆ ಮತ್ತೆ ಬರುತ್ತಿತ್ತು. ಹೇಳಿದರೆ ಅವನು ಹೋಗಿಬಿಡುತ್ತಾನೆ. ಹೇಳದಿದ್ದರೆ ಅವನು ಮದುವೆಯಾಗುವುದು ತನ್ನನ್ನಲ್ಲ, ಕಡ್ಲೆಹಿಟ್ಟಿನ ಹುಡುಗಿಯನ್ನು.

ಅಷ್ಟರಲ್ಲಿ ಅವನಿಗೆ ಮಧ್ಯಾಹ್ನದ ಸೆಕೆಂಡ್ ಶಿಫ್ಟು ಬಂತು. ಭೇಟಿ ಬೆಳಗಿನ ಹೊತ್ತಿಗೆ ಬದಲಾಯಿತು.

ಮೊದಲ ಬೆಳಗ್ಗೆ ಅವನು ಅವಳ ಊದಿದ ಕಣ್ಣು ನೋಡಿ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟ. ಎರಡನೇ ಬೆಳಗ್ಗೆ ಮಾತೇ ಕಡಿಮೆಯಾಯಿತು. ಮೂರನೇ ಸಲ ಲೈಬ್ರರಿ ಪಕ್ಕದ ಪಾರ್ಕಿನ ಕಲ್ಲುಬೆಂಚಿನ ಮೇಲೆ ಕೂತು, ಕೈಯಲ್ಲಿದ್ದ ಕಡ್ಲೆಕಾಯಿ ಪೊಟ್ಟಣವನ್ನು ಪಕ್ಕಕ್ಕಿಟ್ಟು ನೇರವಾಗಿ ಕೇಳಿದ.

"ಖರೇ ಹೇಳ್ರಿ. ನೀವು ಖುಷಿಯಾಗಿದೀರೇನು?"

'ಈಗ ಹೇಳು ಚೇತನಾ. ಈಗಲೇ...'

"ನಿಮಗೆ ಒಂದು ವಿಷಯ ಹೇಳ್ಬೇಕಿತ್ತು..."

"ಹೇಳ್ರಿ."

ಅಪ್ಪನ ಮುಖ ನೆನಪಾಯಿತು. ಹಾಲಲ್ಲಿ ತೊಳೆದ ಹಾಗಿದ್ದಾಳೆ ಎಂದ ಕಸ್ತೂರೆವ್ವನ ಮುಖವೂ.

"ಏನಿಲ್ಲ... ಬಿಡಿ."

ಶಿವಯೋಗಿ ಕಡ್ಲೆಕಾಯಿ ಪೊಟ್ಟಣದ ಬಾಯಿ ಮಡಚಿ ಅವಳ ಪಕ್ಕಕ್ಕೆ ಸರಿಸಿದ. ಆಮೇಲೆ ಎದ್ದು, "ತಿಳೀತ್ರೀ," ಎಂದಷ್ಟೇ ಹೇಳಿದ.

ಸಂಜೆ ಮನೆಗೆ ಕಸ್ತೂರೆವ್ವನ ಫೋನು ಬಂತು. ಮಗ ಒಲ್ಲೆ ಅಂತಿದ್ದಾನೆ, ಕಾರಣ ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ ಎಂದು ಆ ತಾಯಿ ಅಳುತ್ತಿದ್ದರು.

"ಯಾರೋ ಹೇಳಿರ್ಬೇಕು," ಅಮ್ಮ ಗೋಡೆಗೆ ಒರಗಿ ಕುಸಿದರು. "ಆಸ್ಪತ್ರೆ ಹತ್ರ ಯಾರೋ ನೋಡಿರ್ಬೇಕು."

"ಇನ್ನೊಂದು ಕಡೆ ನೋಡೋಣ ಬಿಡು," ಎಂದರು ಅಪ್ಪ, ಯಾರ ಮುಖವನ್ನೂ ನೋಡದೆ.

ಚೇತನಾ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಕೆಟ್ಟಿಗೆ ನೀರು ಬಿಟ್ಟಳು. ಬಕೆಟ್ಟು ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸಲಿಲ್ಲ.

* * *

ಎರಡು ವಾರದ ಮೇಲೆ ಆಸ್ಪತ್ರೆಯ ಸರದಿ ಇತ್ತು. ಡಾಕ್ಟರಮ್ಮ ರಿಪೋರ್ಟು ನೋಡುತ್ತಾ ಕನ್ನಡಕ ತೆಗೆದಿಟ್ಟರು.

"ಚೇತನಾ, ಈ ಸಲ ನೋಡಿದ ಒಂದು ಕೋಶದಲ್ಲೂ ಆ ತಪ್ಪು ಜೋಡಣೆ ಸಿಕ್ಕಿಲ್ಲ. ಹುಡುಕಿದ್ರೂ ಸಿಕ್ಕಿಲ್ಲ ಕಣಮ್ಮ."

"ಅಂದ್ರೆ... ಹೋಯ್ತಾ ಮೇಡಂ?"

"ಹೋಯ್ತು ಅನ್ನೋ ಮಾತು ನಾನು ಹೇಳಲ್ಲ. ಅಡಗಿಕೊಂಡು ಕೂತಿರಬಹುದು. ಮಾತ್ರೆ ಬಿಡೋ ಹಾಗಿಲ್ಲ. ಆದ್ರೆ ನೀನು ಕೆಲಸಕ್ಕೆ ಹೋಗಬಹುದು, ಮದುವೆ ಆಗಬಹುದು. ಮಕ್ಕಳ ವಿಷಯ ಮಾತ್ರ ಈ ಮಾತ್ರೆ ಇರುವಾಗ ಬೇಡ. ಮುಂಚೆ ನನ್ನ ಹತ್ರ ಬಂದು ಮಾತಾಡ್ಬೇಕು. ಮದುವೆ ಆಗೋನಿಗೆ ಎಲ್ಲಾ ಹೇಳೇ ಆಗು."

"ಹೇಳಿದ್ರೆ ಯಾರು ಆಗ್ತಾರೆ ಮೇಡಂ?"

"ಅದು ನನ್ನ ರಿಪೋರ್ಟಲ್ಲಿ ಬರಲ್ಲ," ಡಾಕ್ಟರಮ್ಮ ನಕ್ಕರು. "ಕೇಳಿ ನೋಡಬೇಕು."

ಹೊರಗೆ ಬಂದ ಚೇತನಾ ಮನೆಯ ಕಡೆಯ ಬಸ್ಸು ಬಂದರೂ ಹತ್ತಲಿಲ್ಲ. ಅವನು ಸಿಗುವುದಿಲ್ಲ ಎಂಬುದು ತೀರ್ಮಾನವಾಗಿತ್ತು. ಇನ್ನು ಕಳೆದುಕೊಳ್ಳುವುದೇನಿದೆ? ಆದರೆ ಅವನು ಬೇರೆ ಯಾರದೋ ಬಾಯಿಂದ ಕೇಳಿದ್ದಾನೆ. ತನ್ನ ಬಾಯಿಂದ ಒಂದು ಸಲವಾದರೂ ಕೇಳಲಿ.

ಅವಳು ರಾಜಾಜಿನಗರದ ಬಸ್ಸು ಹತ್ತಿದಳು.

* * *

ಕಾರ್ಖಾನೆಯ ಗೇಟಿನ ಸೆಕ್ಯುರಿಟಿ ತಮ್ಮಣ್ಣ ಅವಳನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಕೂಗಿದ. "ಶಿವಯೋಗಿ ಸಾರ್, ಯಾರೋ ಮೇಡಂ ಬಂದವ್ರೆ. ಬೇಗ ಬನ್ನಿ, ಬಿಸಿಲಲ್ಲಿ ನಿಂತವ್ರೆ ಪಾಪ."

ಶಿಫ್ಟು ಶುರುವಾಗಲು ಇನ್ನೂ ಹೊತ್ತಿದ್ದರೂ ಶಿವಯೋಗಿ ಆಗಲೇ ಕೆಲಸಕ್ಕೆ ಬಂದಿದ್ದ. ಅವನು ಕೈ ಒರೆಸಿಕೊಳ್ಳುತ್ತಾ ಬಂದವನು ಅವಳನ್ನು ಕಂಡು ಅಲ್ಲೇ ನಿಂತುಬಿಟ್ಟ.

"ನೀವು ಯಾಕ್ರೀ ಬರಾಕ ಹೋದ್ರಿ... ನಾ ಎಲ್ಲಾ ನನ್ನ ಮ್ಯಾಲ ಹಾಕ್ಕೊಂಡೀನಲ್ಲ."

"ನಿಮಗೆ ಯಾರು ಹೇಳಿದ್ರು?"

"ಯಾರು ಹೇಳ್ಬೇಕ್ರೀ? ನನಗ ಕಣ್ಣಿಲ್ಲೇನು? ಬೆಳಗ್ಗೆ ಬಂದಾಗೆಲ್ಲ ನಿಮ್ಮ ಕಣ್ಣು ಬಾತಿರ್ತಿತ್ತು. ರಾತ್ರಿಯೆಲ್ಲ ಅತ್ತು, ಮನಿಯವರ ಸಲುವಾಗಿ ನನ್ನ ಮುಂದ ಬಂದು ನಗೋ ಹುಡುಗೀನ ಹೆಂಗ್ ಕಟ್ಕೊಳ್ಳಿ ನಾನು?"

ಚೇತನಾ ಬೆರಗಾಗಿ ನಿಂತಳು. ಅವನಿಗೆ ಏನೂ ಗೊತ್ತಿಲ್ಲ... ಏನೂ ಗೊತ್ತಿಲ್ಲದೆ, ಅವಳಿಗಾಗಿಯೇ ಅವಳನ್ನು ಬಿಟ್ಟುಕೊಟ್ಟಿದ್ದ.

"ಅದು ಅಳು ಅಲ್ಲ. ಮಾತ್ರೆ," ಎಂದಳು. "ನನಗೆ ರಕ್ತದ ಕ್ಯಾನ್ಸರ್ ಇದೆ. ಎರಡು ವರ್ಷದಿಂದ. ಈ ಬಿಳಿ ಬಣ್ಣವೂ ಆ ಮಾತ್ರೇದೇ."

ರಸ್ತೆಯಲ್ಲಿ ಲಾರಿಯೊಂದು ಹಾದುಹೋಯಿತು. ಅವನು ಗೇಟಿನ ಕಂಬ ಹಿಡಿದುಕೊಂಡ.

ಅವಳು ಎಲ್ಲವನ್ನೂ ಹೇಳಿದಳು. ಮುರಿದು ಅಂಟಿಕೊಂಡ ವರ್ಣತಂತು, ಬಾಯಿ ಮುಚ್ಚದ ಪ್ರೋಟೀನು, ಇವತ್ತಿನ ರಿಪೋರ್ಟು, ಬಿಡುವ ಹಾಗಿಲ್ಲದ ಮಾತ್ರೆ, ಮಕ್ಕಳ ಮಾತು. ಅವನು ಮಧ್ಯೆ ಒಂದೇ ಒಂದು ಸಲ ಬಾಯಿ ತೆರೆದ.

"ಅಂದ್ರ... ವಾಲ್ವು ತೆರೆದೇ ಕೂತೈತಿ. ಗುಳಿಗಿ ಹೋಗಿ ಅದನ್ನ ಮುಚ್ಚತೈತಿ. ದಿನಾ ಮುಚ್ಚಬೇಕು."

"ಹೂಂ. ದಿನಾ."

"ಇವತ್ತಿಂದು ತಗೊಂಡೀರೇನು?"

ಆ ಪ್ರಶ್ನೆಯನ್ನು ಅವಳು ನಿರೀಕ್ಷಿಸಿರಲಿಲ್ಲ. "ಇಲ್ಲ... ಊಟ ಆಗಿಲ್ಲ."

"ಬರ್ರಿ ಮತ್ತ."

ಎದುರಿನ ದರ್ಶಿನಿಯಲ್ಲಿ ಅವಳಿಗೆ ಅನ್ನ ಸಾಂಬಾರು ತಂದಿಟ್ಟ. ತಾನು ಬರೀ ಕಾಫಿ ತೆಗೆದುಕೊಂಡ.

"ಹೆದರಿಕಿ ಆತ್ರೀ. ಸುಳ್ಳ ಹೇಳಂಗಿಲ್ಲ," ಎಂದ. "ಆದ್ರ ಎರಡು ವಾರದಿಂದ ಇನ್ನೊಂದು ಹೆದರಿಕಿ ಇತ್ತು ನೋಡ್ರಿ... ನಿಮಗ ನಾ ಬ್ಯಾಡಾಗೀನಿ ಅಂತ. ಅದು ಹೋತು."

"ನಿಮ್ಮ ತಾಯಿಗೆ..."

"ಅವ್ವ ಅಳ್ತಾಳ. ನಾಕು ದಿನ ಊಟ ಬಿಡ್ತಾಳ. ಆಮ್ಯಾಲ ದಿನಾ ಫೋನ್ ಹಚ್ಚಿ, ಗುಳಿಗಿ ನುಂಗಿದೇನು ಅಂತ ನಿಮ್ಮ ಜೀವ ತಿಂತಾಳ. ಮಕ್ಕಳ ಮಾತು ನಾವಿಬ್ಬರೂ ಆ ಡಾಕ್ಟರ್ ಮುಂದ ಕುಂತು ಕೇಳೋಣು."

ನಾವಿಬ್ಬರೂ.

ಚೇತನಾ ಬ್ಯಾಗಿನಿಂದ ಮಾತ್ರೆ ತೆಗೆದಳು. ಮನೆಯವರಲ್ಲದೆ ಇನ್ನೊಬ್ಬರ ಮುಂದೆ ಅದನ್ನು ತೆಗೆದದ್ದು ಇದೇ ಮೊದಲು. ಅವನು ಎದ್ದು ಹೋಗಿ, ಆ ದರ್ಶಿನಿಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಲೋಟದ ತುಂಬ ನೀರು ತಂದು ಅವಳ ಮುಂದಿಟ್ಟ. ಅವಳು ಕುಡಿದು ಮುಗಿಸುವವರೆಗೂ ಲೋಟವನ್ನೇ ನೋಡುತ್ತಿದ್ದ.

"ಹಂಗಾರ ಆವತ್ತು ತಾರಸಿ ಮ್ಯಾಲೆ ಅತ್ತಿರಲಿಲ್ಲ?"

"ಇಲ್ಲ."

"ಪಾರ್ಕಿನ್ಯಾಗ?"

"ಇಲ್ಲ."

"ಒಮ್ಮೆನೂ ಅತ್ತಿಲ್ಲೇನ್ರೀ ನೀವು?" ಅವನ ಧ್ವನಿಯಲ್ಲಿ ನಗು ಮರಳಿ ಬಂದಿತ್ತು.

ಏನಿಲ್ಲ ಬಿಡಿ ಎಂದು ಹೇಳುವುದು ಅವಳಿಗೆ ಅಭ್ಯಾಸವಾಗಿತ್ತು. ನಾಲಿಗೆಯ ತುದಿಗೆ ಅದೇ ಬಂತು. ಅವಳು ಖಾಲಿ ಲೋಟವನ್ನು ಕೆಳಗಿಟ್ಟು, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಒಂದೇ ಸಲ ಅತ್ತೆ... ನೀವು ಬೇಡ ಅಂದ ದಿನ."