ಪಟ್ಟಿಯ ಕೊನೆಯ ಹೆಸರು

ನಿಮ್ಮಾಣೆ, ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ! ಸುಳ್ಳಾಗಿದ್ದರೆ ನಾಳೆಯಿಂದ ಕಾಂದಿವಲಿ ಲೋಕಲ್‌ನಲ್ಲಿ ನನಗೆ ನಿಲ್ಲಲೂ ಜಾಗ ಸಿಗದಿರಲಿ.

ಅಂಧೇರಿಯ ಒಂದು ಉಡುಪಿ ಹೋಟೆಲ್. ಮಧ್ಯಾಹ್ನ ಮೂರೂವರೆ, ಗಿರಾಕಿಗಳಿಲ್ಲದ ಹೊತ್ತು. ಒಳಗೆ ನುಗ್ಗಿದ ದಾನೇಶ್ವರಿ ಕೌಂಟರಿನ ಮೇಲೆ ಕೈ ಬಡಿದಳು. ಆ ಸದ್ದಿಗೆ ಕಾವಲಿಯ ಮೇಲಿದ್ದ ದೋಸೆ ತಾನಾಗಿಯೇ ಮಗುಚಿಕೊಂಡಿತು. ಕಣ್ಣಾರೆ ಕಂಡವರಿದ್ದಾರೆ!

"ಏ ಸಂದೀಪಾ! ನನ್ನ ಹೆಸರು ಯಾಕ ಕಡೀಕ ಬರದಿ?"

ಹೋಟೆಲಿನ ಮ್ಯಾನೇಜರ್ ಸಂದೀಪ ಬೆಚ್ಚಿದ. ನಿನ್ನೆಯವರೆಗೂ 'ರೀ' ಅನ್ನುತ್ತಿದ್ದವಳು ಇಂದು 'ಏ' ಅಂದಿದ್ದಳು.

"ಎಂತ ಆಯ್ತು ಮಾರಾಯ್ತಿ?"

ಆದದ್ದು ಇಷ್ಟು. ಬರುವ ಭಾನುವಾರ ಐದು ಜನ ಸಹ್ಯಾದ್ರಿಯ ಒಳಗಿನ ಒಂದು ಕಲ್ಲು ಶಿಖರ ಹತ್ತುವವರಿದ್ದರು. ಅಲ್ಲಿಗೆ ಬಸ್ಸಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಕೊನೆಯ ಇನ್ನೂರು ಅಡಿ ಕೈಕಾಲು ಎರಡರಿಂದಲೂ ಬಂಡೆ ಹಿಡಿದು ಏರಬೇಕು. ಯೋಜನೆಯೆಲ್ಲ ಸಂದೀಪನದು. ಬೆಳಿಗ್ಗೆ ಐವರ ವಾಟ್ಸಾಪ್ ಗ್ರೂಪಿಗೆ ಅವನೊಂದು ಪಟ್ಟಿ ಹಾಕಿದ್ದ. ಮೇಲೆ ತಲೆಬರಹವಿಲ್ಲ, ಬರೀ ಐದು ಹೆಸರು. ಕೊನೆಯದು ದಾನೇಶ್ವರಿ.

ಯಾರು ಈ ದಾನೇಶ್ವರಿ? ವಿಜಯಪುರದ ಕಡೆಯವಳು. ಅಪ್ಪ ಶಾಂತಪ್ಪನ ತಂಡದ ಜೊತೆ ಬಿಲ್ಡಿಂಗ್‌ಗಳ ಹೊರಗೋಡೆಗೆ ಬಣ್ಣ ಬಳಿಯುವವಳು. ಹದಿನಾಲ್ಕನೇ ಮಹಡಿಯಲ್ಲಿ ಬಿದಿರಿನ ಅಟ್ಟಣಿಗೆಯ ಮೇಲೆ ನಿಂತು, ಹದ್ದಿಗೇ 'ಸರಿ ಆ ಕಡೆ' ಅಂದವಳು!

"ಕೂಲಿಯವರು ನಿಲ್ಲೂ ನಾಕಾದಾಗ ಕಡೀ ಹೆಸರು ಅಂದ್ರ ಏನು ಗೊತ್ತದ ಏನು? ಟೆಂಪೋ ತುಂಬಿದ ಕೂಡ್ಲೆ ಕೆಳಗ ಇಳಿಸೂ ಹೆಸರು! ನನ್ನ ಕೈಬಿಡಬೇಕಂತ ಇದ್ರ ನೇರ ಹೇಳು!"

ಮೂಲೆಯಲ್ಲಿ ಚಹಾ ಕುಡಿಯುತ್ತಿದ್ದ ಗ್ರೂಪಿನ ಅಮೋಲ್ ಮೆಲ್ಲಗೆ ಬಾಯಿ ತೆರೆದ. "ಅರೇ, ಲಿಸ್ಟ್ ಬದಲ್ ದೇಂಗೇ ನಾ..."

"ಚುಪ್!" ಇಬ್ಬರೂ ಒಟ್ಟಿಗೆ ಕೂಗಿದರು.

ದಾನೇಶ್ವರಿಯ ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಸೋಮವಾರ ಅಪ್ಪನ ತಂಡ ಪುಣೆಗೆ ಹೊರಡುತ್ತದೆ. ಅವಳೂ ಹೋಗಲೇಬೇಕು. ಉಳಿದಿರುವುದು ಭಾನುವಾರ ಒಂದೇ. ಶಿಖರದ ಮೇಲೆ ನಿಂತು ಇವನಿಗೆ ಮನಸ್ಸಿನ ಮಾತು ಹೇಳಬೇಕು ಅಂದುಕೊಂಡಿದ್ದಳು... ಇವನು ನೋಡಿದರೆ ಅವಳನ್ನು ಕೆಳಗೇ ಇಳಿಸಿಬಿಟ್ಟ!

"ನಾ ಬರೂದಿಲ್ಲ. ಹೋಗಿ ಸಾಯ್ರಿ!" ಅವಳು ತಿರುಗಿದಳು.

"ನಿಲ್ಲಿ!"

ಸಂದೀಪ ಎಂದೂ ಗಟ್ಟಿಯಾಗಿ ಮಾತಾಡಿದವನಲ್ಲ. ಇಂದು ಅವನ ಮುಖವೂ ಕೆಂಪಾಗಿತ್ತು.

"ಹೋಟೆಲಿನ ಡ್ಯೂಟಿ ಚೀಟಿಯಲ್ಲಿ ಕೊನೆಯ ಹೆಸರು ಅಂದ್ರೆ ಎಂತ ಅಂತ ಕೇಳಿದ್ರಾ ನೀವು? ಎಲ್ಲ ಹೋದ ಮೇಲೆ ಶಟರ್ ಎಳೆಯುದು ಅವ್ರು! ಧಣಿ ಬೀಗದ ಕೈ ಕೊಡುದು ಅವ್ರಿಗೇ! ಆ ಜಾಗಕ್ಕೆ ನನ್ನ ಹೆಸರು ಬರ್ಲಿಕ್ಕೆ ಒಂಬತ್ತು ವರ್ಷ ಹಿಡಿಯಿತು!"

"ಅದಕ್ಕೂ ಬೆಟ್ಟಕ್ಕೂ ಏನು?"

"ಅದು ಇಳಿಯುವ ಪಟ್ಟಿ ಮಾರಾಯ್ತಿ! ನಾವು ನಾಲ್ಕು ಜನ ಹಗ್ಗ ಹಿಡಿದು ಇಳಿಯುದು. ಐದನೆಯವರು ಮೇಲೆ ನಿಂತು ಹಗ್ಗ ಕಾಯ್ಬೇಕು. ಮತ್ತೆ ಅದನ್ನು ಬಿಚ್ಚಿಕೊಂಡು ಬರಿಗೈಯಲ್ಲಿ ಇಳಿದು ಬರ್ಬೇಕು. ಅದು ನನ್ನಿಂದ ಆಗುದಿಲ್ಲ, ಬಿದಿರಿನ ಮೇಲೆ ನಿಲ್ಲುವ ನಿಮ್ಮಿಂದ ಆಗ್ತದೆ. ಯಾರ್ಯಾರ ಕೈಯಲ್ಲಿ ನನ್ನ ಜೀವ ಕೊಡುವವ ಅಲ್ಲ ನಾನು!"

ಆ ಮಾತು ಕೇಳಲು ಹೋಟೆಲಿನ ಫ್ಯಾನ್ ಕೂಡ ನಿಂತಿತು!

ದಾನೇಶ್ವರಿಯ ಸಿಟ್ಟು ಇಳಿಯಲಿಲ್ಲ. ಆದರೆ ಅವಳ ಕಣ್ಣು ತುಂಬಿತು. ಅದಕ್ಕೆ ಇನ್ನೂ ಸಿಟ್ಟು ಬಂತು.

"ಮೊದಲ ಹೇಳಾಕ ಬಾಯಾಗ ಬಿಸಿ ಬಜ್ಜಿ ಇತ್ತೇನು? ಸೋಮವಾರ ನಾ ಪುಣೆಗೆ ಹೊಂಟೀನಿ!"

"ಪುಣೆಗಾ? ಯಾಕೆ ಹೇಳ್ಲಿಲ್ಲ?" ಈಗ ಅವನ ಸರದಿ.

"ಬೆಟ್ಟದ ಮ್ಯಾಲ ಹೇಳಾಕಿ ಇದ್ದೆ. ನೀ ಅಂದ್ರ ನನಗ ಜೀವ ಅಂತನೂ ಅಲ್ಲೇ ಹೇಳಾಕಿ ಇದ್ದೆ!"

"ಅಷ್ಟು ಮೇಲೆ ಹತ್ತಿ?"

"ಅಲ್ಲಿಂದ ಓಡಿ ಹೋಗಾಕ ಬರೂದಿಲ್ಲಲ್ಲ ನಿನಗ!"

ಸಂದೀಪ ಕೌಂಟರ್ ದಾಟಿ ಅವಳ ಮುಂದೆ ಬಂದು ನಿಂತ.

"ಪುಣೆಯವರು ಇಡ್ಲಿ ತಿನ್ನುದಿಲ್ವಾ ದಾನೇಶ್ವರಿ? ಅಲ್ಲಿಯೂ ಹೋಟೆಲ್ ಉಂಟು. ನಾನೂ ಬರ್ತೇನೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅಪ್ಪಗ ಯಾರು ಹೇಳೋರು? ಅವಗ ಭಾಳ ಸಿಟ್ಟದ."

"ನಿಮ್ಮದಕ್ಕಿಂತ ಜಾಸ್ತಿಯಾ?"

"...ನನ್ನದರ ಅರ್ಧ ಇಲ್ಲ."

"ಹಾಗಾದ್ರೆ ನನಗೆ ಹೆದರಿಕೆ ಇಲ್ಲ."

ನಾನು ಹೇಳಿದ್ದಾಯಿತು. ಈಗ ನೀವು ಹೇಳಿ, ಯಾರ ಮೇಲೆ ಮುನಿಸಿಕೊಂಡು ಹೀಗೆ ಫೋನ್ ಹಿಡಿದು ಕೂತಿದ್ದೀರಿ? ಪೂರ್ತಿ ಹೆಸರು ಬೇಡ, ಮೊದಲಕ್ಷರ ಕೊಡಿ ಸಾಕು. ಉಳಿದದ್ದನ್ನು ನಾನೇ ಸೇರಿಸಿಕೊಳ್ಳುತ್ತೇನೆ!